ಚೂಪು, ಚಪ್ಪಟೆ, ದುಂಡು: ಮೂವತ್ತು ಮೀಟರಿಗೆ ಯಾವ ಪೆಲೆಟ್?

ಅಮೆರಿಕದ ಕೊಲೊರಾಡೊದಲ್ಲಿರುವ ನನ್ನ ಭಾವಮೈದ ಲೈಸೆನ್ಸ್ ತೆಗೆದುಕೊಂಡು ಎಲ್ಕ್ ಎಂಬ ದೊಡ್ಡ ಜಿಂಕೆಯ ಬೇಟೆಗೆ ಹೋಗುತ್ತಾನೆ. ದೂರದ ಗುರಿಗೆ ಚೂಪು ಮೂತಿಯ ಬುಲೆಟ್ಟೇ ಸರಿ ಅಂತ ಅವನ ಹಟ. ನಮ್ಮಲ್ಲಿ ಕಾಡುಪ್ರಾಣಿ ಬೇಟೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ನನ್ನದು 0.177 ಇಂಚು ನಳಿಕೆಯ ಏರ್ ರೈಫಲ್, ಎದುರಿಗೆ ರಟ್ಟಿನ ಡಬ್ಬ, ಅಷ್ಟೇ. ಆದರೂ ಅವನ ಮಾತು ಕೇಳಿ ಒಂದು ಡಬ್ಬಿ ಚೂಪು ಪೆಲೆಟ್ ತಂದೆ, ಅಂದರೆ ಏರ್ ರೈಫಲ್ಲಿಗೆ ಹಾಕುವ ಪುಟ್ಟ ಸೀಸದ ಗುಂಡು. ಚಪ್ಪಟೆ ಮೊದಲೇ ಇತ್ತು. ದುಂಡು ತಲೆಯದು ಚೆಕ್ ದೇಶದ ಜೆಎಸ್‌ಬಿ ಎಕ್ಸಾಕ್ಟ್, ತೂಕ 8.44 ಗ್ರೇನ್, ಅಂದರೆ ಸುಮಾರು ಅರ್ಧ ಗ್ರಾಂ.

ಪಾಂಡವಪುರದ ಹತ್ತಿರ ನಮ್ಮ ಗದ್ದೆಯಲ್ಲಿ ಕಬ್ಬು ಕಡಿದಾಗಿತ್ತು. ಹಿಂದೆ ಆಳೆತ್ತರದ ಮಣ್ಣಿನ ಏರಿ, ಆಚೆಗೆ ಯಾರೂ ಓಡಾಡುವುದಿಲ್ಲ. ಬೆಳಗ್ಗೆ ಆರೂವರೆ, ತೆಂಗಿನ ಗರಿ ಅಲ್ಲಾಡುತ್ತಿರಲಿಲ್ಲ. ರಾಗಿ ಚೀಲದ ಮೇಲೆ ರೈಫಲ್ ಇಟ್ಟು ಒಂದೊಂದರಲ್ಲೂ ಹತ್ತು ಹೊಡೆದೆ.

ಹತ್ತು ಮೀಟರಿನಲ್ಲಿ ಚಪ್ಪಟೆಯದ್ದೇ ರಾಜ್ಯ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದಿದ್ದೂ ಇದೇ ದೂರದಲ್ಲಿ. ಅಲ್ಲಿ ಹತ್ತು ಅಂಕದ ಚುಕ್ಕೆ ಬರೀ ಅರ್ಧ ಮಿಲಿಮೀಟರ್. ಚಪ್ಪಟೆ ತಲೆ ಕಾಗದವನ್ನು ಪಂಚಿಂಗ್ ಮಷಿನ್ ಹಾಗೆ ದುಂಡಗೆ ಕತ್ತರಿಸುತ್ತದೆ, ಅಂಕ ಎಣಿಸುವಾಗ ಜಗಳವಿಲ್ಲ. ನನ್ನ ಹತ್ತೂ ತೂತು ಒಂದು ರೂಪಾಯಿ ನಾಣ್ಯದಡಿ ಮುಚ್ಚಿಹೋದವು. ದುಂಡು ತಲೆಯದು ಅಂಚು ಹರಿಯುತ್ತದೆ, ತೂತುಗಳ ಗುಂಪು ಮಾತ್ರ ಹೆಚ್ಚುಕಮ್ಮಿ ಅಷ್ಟೇ ಅಗಲ.

ಮೂವತ್ತು ಮೀಟರಿಗೆ ಹೋದಾಗ ಆಟ ಬದಲಾಯ್ತು. ಮೂರೂ ನಾಲ್ಕು ಬೆರಳಿನಷ್ಟು ಕೆಳಗೆ ಬಿದ್ದವು, ಅದು ಸಹಜ. ಆದರೆ ಚಪ್ಪಟೆಯದು ಅಂಗೈಯಗಲ ಚೆದುರಿತು. ಅಗಲ ಮುಖ ಗಾಳಿಯನ್ನು ಎದೆಗೊಟ್ಟು ತಳ್ಳಬೇಕು, ವೇಗ ಬೇಗ ಸತ್ತುಹೋಗುತ್ತದೆ. ದುಂಡು ತಲೆಯ ಹತ್ತೂ ಕಾಫಿ ಲೋಟದ ಬಾಯೊಳಗೇ ನಿಂತವು.

ಚೂಪಿನದು? ಅಂಗೈಗಿಂತಲೂ ಜಾಸ್ತಿ. ಡಬ್ಬಿ ಬಗ್ಗಿಸಿ ನೋಡಿದರೆ ಕಾರಣ ಅಲ್ಲೇ ಬಿದ್ದಿತ್ತು. ಮೆತ್ತನೆ ಸೀಸ, ಒಂದಕ್ಕೊಂದು ಉಜ್ಜಿ ಎಷ್ಟೋ ಪೆಲೆಟ್ಟಿನ ತುದಿ ಗಿಣಿ ಮೂತಿಯಂತೆ ಸೊಟ್ಟಗಾಗಿತ್ತು. ಸೊಟ್ಟ ಮೂತಿ ನೆಟ್ಟಗೆ ಹೋಗುತ್ತಾ?

ಹಾಗಂತ ಭಾವಮೈದ ಹೇಳಿದ್ದು ಸುಳ್ಳಲ್ಲ. ಅವನ ಬುಲೆಟ್ ಶಬ್ದಕ್ಕಿಂತ ಎರಡು ಮೂರು ಪಟ್ಟು ವೇಗದಲ್ಲಿ ಹೋಗುತ್ತದೆ. ಆ ವೇಗದಲ್ಲಿ ಮೂತಿಯ ಮುಂದೆ ಗಾಳಿ ಅಲೆಯಾಗಿ ಕಟ್ಟಿಕೊಳ್ಳುತ್ತದೆ, ಅದನ್ನು ಸೀಳೋಕೆ ಚೂಪು ಬೇಕೇ ಬೇಕು. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್, ನನ್ನ ರೈಫಲ್ಲಿನದು 180ರ ಆಸುಪಾಸು. ಇಷ್ಟು ನಿಧಾನಕ್ಕೆ ಚೂಪಿನಿಂದ ಲಾಭವಿಲ್ಲ, ದುಂಡು ತಲೆಯೇ ಸಾಕು. ಪೆಲೆಟ್ ನೆಟ್ಟಗಿರುವುದಕ್ಕೆ ಅದರ ತೆಳು ಸೊಂಟ, ಹಿಂದಿನ ಲಂಗದಂಥ ಭಾಗ ದೊಡ್ಡ ಆಸರೆ. ಆ ಲಂಗ ನಗ್ಗಿದ್ದರೆ ಯಾವ ತಲೆ ಇದ್ದರೂ ಅಷ್ಟೇ. ನಾನಂತೂ ಈಗ ತುಂಬುವ ಮೊದಲು ಒಂದೊಂದನ್ನೂ ಬೆರಳಲ್ಲಿ ತಿರುಗಿಸಿ ನೋಡುತ್ತೇನೆ. ಆಮೇಲೆ ಸೋಪು ಹಾಕಿ ಕೈ ತೊಳೆಯದೆ ಮುದ್ದೆ ಮುಟ್ಟುವುದಿಲ್ಲ, ಸೀಸ ಅಲ್ವಾ.

ಮೂರು ರಟ್ಟಿನ ಫೋಟೋ ಭಾವಮೈದನಿಗೆ ಕಳಿಸಿದೆ. ‘ಅವತ್ತು ಗಾಳಿ ಜಾಸ್ತಿ ಇತ್ತೇನೋ’ ಅಂದ.