ಇಜಿಆರ್ ಲೈಟ್ ಆರಿಸಿಕೊಟ್ಟ ಪೀಣ್ಯದ ಗ್ಯಾರೇಜ್

ಡೀಸೆಲ್ ಗಾಡಿ ಇಟ್ಟುಕೊಂಡವರಿಗೆ ಇಜಿಆರ್ (ಹೊಗೆಯ ಒಂದು ಪಾಲನ್ನು ಇಂಜಿನ್ನಿಗೆ ವಾಪಸ್ ಕಳಿಸುವ ಏರ್ಪಾಡು) ಅಂದರೆ ಸಾಕು, ತಲೆನೋವು ಶುರು. ಡ್ಯಾಶ್‌ಬೋರ್ಡಿನಲ್ಲಿ ಇಂಜಿನ್ ಲೈಟ್ ಹತ್ತುತ್ತದೆ. ಗ್ಯಾರೇಜಿಗೆ ಹೋಗುತ್ತೇವೆ. ಸ್ಕ್ಯಾನರ್ ಹಾಕಿ ತೊಂದರೆಯ ಕೋಡ್ ಅಳಿಸುತ್ತಾರೆ. ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಲೈಟ್. ನನ್ನ ಗಾಡಿಯಲ್ಲಿ ಇದು ತಿಂಗಳುಗಟ್ಟಲೆ ನಡೆಯಿತು. ಕೊನೆಗೆ ಸರಿಮಾಡಿಕೊಟ್ಟವರು ಬೆಂಗಳೂರಿನ ಪೀಣ್ಯ ಎರಡನೇ ಹಂತದ ಒಂದು ಸಣ್ಣ ಗ್ಯಾರೇಜಿನವರು. ಬೋರ್ಡಿನಲ್ಲಿ ‘ಡೀಸೆಲ್ ಎಲೆಕ್ಟ್ರಿಕಲ್, ಸ್ಕ್ಯಾನಿಂಗ್’ ಅಂತ ಬರೆದಿದೆ, ಬೇರೆ ಹೆಸರಿಲ್ಲ. ಅವರ ಕೆಲಸದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಇದೇ ತೊಂದರೆ ಅನುಭವಿಸುತ್ತಿರುವ ಗಾಡಿಯವರು ತುಂಬಾ ಜನ ಇದ್ದಾರೆ.

ನನ್ನದು 2018ರ ಬಿಎಸ್-4 (ಹೊಗೆ ನಿಯಮದ ಒಂದು ಹಂತ) ಗಾಡಿ, ಹದಿನಾಲ್ಕು ಅಡಿಯದು, ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಪೀಣ್ಯದ ಕಾರ್ಖಾನೆಗಳಿಂದ ಬೊಮ್ಮಸಂದ್ರ, ಅತ್ತಿಬೆಲೆ, ಹೊಸೂರು ಕಡೆಗೆ ಮಾಲು ಹೊಡೆಯುತ್ತೇನೆ. ಸಿಟಿ ಒಳಗಿನ ಲೋಡ್ ಸಿಕ್ಕರೆ ಗೊರಗುಂಟೆಪಾಳ್ಯದಲ್ಲಿ ಇಂಜಿನ್ ಸುಮ್ನೆ ಓಡಿಸಿಕೊಂಡು ನಿಲ್ಲುವುದೇ ಜಾಸ್ತಿ. ಲೈಟ್ ಹತ್ತಿದರೆ ಇಂಜಿನ್ ತಾನೇ ಶಕ್ತಿ ಕಡಿಮೆ ಮಾಡಿಕೊಳ್ಳುತ್ತಿತ್ತು. ನೈಸ್ ರೋಡಿನ ಏರಿನಲ್ಲಿ ಲೋಡ್ ಗಾಡಿಗೆ ಪಿಕಪ್ಪೇ ಇಲ್ಲ ಅಂದರೆ ಹಿಂದಿನವರ ಹಾರ್ನ್ ತಡೆಯಲಾಗುವುದಿಲ್ಲ. ಕೋಡ್ ಪ್ರತಿ ಸಲವೂ ಒಂದೇ, ಪಿ0401.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಇಜಿಆರ್ ವಾಲ್ವ್ ಹೋಗಿದೆ ಅಂತ ಹೊಸದು ಹಾಕಿದರು. ಆ ಪಾರ್ಟ್ ಅಗ್ಗದ್ದಲ್ಲ. ಹಾಕಿದ ಮೇಲೂ ಅದೇ ಕೋಡ್ ಬಂತು. ಆಮೇಲೆ ಸೆನ್ಸರ್ ಇರಬಹುದು, ವೈರಿಂಗ್ ಇರಬಹುದು, ಇಸಿಎಂ (ಇಂಜಿನ್ನಿನ ಕಂಪ್ಯೂಟರ್) ಇರಬಹುದು ಅಂತ ಮಾತು ಬೆಳೆಯುತ್ತಾ ಹೋಯಿತು.

ಪೀಣ್ಯದ ಮೇಸ್ತ್ರಿ ಮೊದಲು ಹೇಳಿದ್ದೇ ಇದು: “ಅಣ್ಣಾ, ಪಿ0401 ಅಂದರೆ ವಾಲ್ವ್ ಕೆಟ್ಟಿದೆ ಅಂತ ಅಲ್ಲ. ಹೊಗೆ ಸಾಕಷ್ಟು ವಾಪಸ್ ಬರ್ತಿಲ್ಲ ಅಂತ. ಯಾಕೆ ಬರ್ತಿಲ್ಲ ಅಂತ ನಾವೇ ಹುಡುಕಬೇಕು.”

ಇಜಿಆರ್ ಮಾಡುವ ಕೆಲಸ ಇಷ್ಟೇ. ಸೈಲೆನ್ಸರ್ ಕಡೆ ಹೋಗುವ ಹೊಗೆಯಲ್ಲಿ ಒಂದು ಪಾಲನ್ನು ಕೂಲರ್‌ನಲ್ಲಿ ತಣ್ಣಗೆ ಮಾಡಿ, ಮತ್ತೆ ಇಂಜಿನ್ನಿನ ಗಾಳಿ ಜೊತೆ ಸೇರಿಸುತ್ತದೆ. ಆಗ ಸಿಲಿಂಡರ್ ಒಳಗಿನ ಉರಿಯ ಬಿಸಿ ಕಡಿಮೆಯಾಗುತ್ತದೆ. ಉರಿ ತೀರಾ ಬಿಸಿಯಾದರೆ ಗಾಳಿಯಲ್ಲಿರುವ ನೈಟ್ರೋಜನ್, ಆಕ್ಸಿಜನ್ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಅದು ಶ್ವಾಸಕೋಶಕ್ಕೆ ಕೆಟ್ಟದ್ದು. ಅದನ್ನು ತಡೆಯಲಿಕ್ಕೇ ಈ ಏರ್ಪಾಡು.

ಇಂಜಿನ್ ಓಡುತ್ತಿರುವಾಗಲೇ ಮೇಸ್ತ್ರಿ ಸ್ಕ್ಯಾನರ್‌ನಲ್ಲಿ ಮೂರು ಅಂಕಿ ಒಟ್ಟಿಗೆ ಇಟ್ಟುಕೊಂಡರು. ವಾಲ್ವ್ ಎಷ್ಟು ತೆರೆಯಬೇಕು ಅಂತ ಇಸಿಎಂ ಕೇಳಿದ್ದು, ವಾಲ್ವ್ ನಿಜವಾಗಿ ತೆರೆದದ್ದು, ಹೊರಗಿನಿಂದ ಒಳಗೆ ಹೋಗುತ್ತಿರುವ ಗಾಳಿ. ಮೊದಲಿನ ಎರಡೂ ಒಂದಕ್ಕೊಂದು ಸರಿಯಾಗಿ ಹೊಂದುತ್ತಿದ್ದವು. ಅಂದರೆ ವಾಲ್ವ್ ಚೆನ್ನಾಗಿದೆ, ಅದರ ವೈರಿಂಗೂ ಚೆನ್ನಾಗಿದೆ. ವಾಲ್ವ್ ತೆರೆದಾಗ ಹೊಗೆ ಒಳಗೆ ಬಂದು ಜಾಗ ಹಿಡಿಯಬೇಕು, ಅಷ್ಟರ ಮಟ್ಟಿಗೆ ಹೊರಗಿನ ಗಾಳಿ ಇಳಿಯಬೇಕು. ನನ್ನ ಗಾಡಿಯಲ್ಲಿ ಆ ಅಂಕಿ ಹೆಚ್ಚೂಕಡಿಮೆ ಅಲ್ಲೇ ನಿಂತಿತ್ತು. ಗಾಳಿ ಅಳೆಯುವ ಸೆನ್ಸರ್ ಸುಳ್ಳು ಹೇಳುತ್ತಿದೆಯೋ ಅಂತ ಅದನ್ನೂ ಕ್ಲೀನ್ ಮಾಡಿ ನೋಡಿದರು, ಟರ್ಬೊ ಹೋಸ್‌ಗಳಲ್ಲಿ ಗಾಳಿ ಸೋರುತ್ತಿದೆಯಾ ಅಂತಲೂ ನೋಡಿದರು. ಎಲ್ಲಾ ಸರಿಯಿತ್ತು. ಅಲ್ಲಿಗೆ ವಾಲ್ವಿನ ಬಾಗಿಲು ತೆರೆದರೂ ದಾರಿ ಕಟ್ಟಿಕೊಂಡಿದೆ ಅಂತ ಗೊತ್ತಾಯಿತು. ಅಷ್ಟು ಹೊತ್ತಿನವರೆಗೆ ಇಜಿಆರ್‌ನ ಒಂದು ಬೋಲ್ಟ್ ಕೂಡ ಬಿಚ್ಚಿರಲಿಲ್ಲ. ನನಗೆ ಈ ಗ್ಯಾರೇಜ್ ಮೇಲೆ ನಂಬಿಕೆ ಬಂದದ್ದು ಇಲ್ಲೇ.

ಕ್ಯಾಬಿನ್ ಎತ್ತಿ ಇಜಿಆರ್ ಪೈಪ್, ಕೂಲರ್, ಮ್ಯಾನಿಫೋಲ್ಡ್ ಇಳಿಸಿದರು. ಪೈಪಿನ ಬಾಯಿಗೆ ಟಾರ್ಚ್ ಬಿಟ್ಟು ನನಗೂ ತೋರಿಸಿದರು. ಹೆಬ್ಬೆರಳು ಸಲೀಸಾಗಿ ತೂರಬೇಕಾದ ತೂತಿನಲ್ಲಿ ಪೆನ್ಸಿಲ್ ತೂರುವಷ್ಟು ಜಾಗ ಮಾತ್ರ ಉಳಿದಿತ್ತು. ಸುತ್ತಲೂ ಕಟ್ಟಿದ್ದ ಕಾರ್ಬನ್ ಒಣಗಿದ ಮಸಿಯಲ್ಲ. ಹರಳೆಣ್ಣೆ ಹಾಕಿ ಕಲಸಿದ ಕಾಡಿಗೆಯ ಹಾಗೆ ಹಸಿಹಸಿಯಾಗಿ, ಬೆರಳಿಗೆ ಅಂಟುತ್ತಿತ್ತು.

ಬೇರೆ ಗ್ಯಾರೇಜ್ ಆಗಿದ್ದರೆ ತೊಳೆದು, ಜೋಡಿಸಿ, ದುಡ್ಡು ತಗೊಂಡು ಕಳಿಸುತ್ತಿದ್ದರು. ಈ ಮೇಸ್ತ್ರಿ ಆ ಅಂಟನ್ನು ಬೆರಳಲ್ಲಿ ಉಜ್ಜಿ ನೋಡುತ್ತಾ, “ಇಷ್ಟು ಹಸಿ ಇರಬಾರದು. ಇಂಜಿನ್ ಬಿಸಿ ಆಗ್ತಿಲ್ಲ ಅನ್ಸುತ್ತೆ” ಅಂದರು. ಸ್ಕ್ಯಾನರ್‌ನಲ್ಲಿ ಉಳಿದಿದ್ದ ಕೂಲೆಂಟ್, ಅಂದರೆ ಇಂಜಿನ್ ತಣಿಸುವ ನೀರಿನ, ಬಿಸಿಯ ಅಂಕಿ ತೆಗೆದು ನೋಡಿದರೆ ಅರವತ್ತು ಡಿಗ್ರಿ ದಾಟಲು ಒದ್ದಾಡುತ್ತಿತ್ತು. ಎಂಬತ್ತರ ಮೇಲೆ ಇರಬೇಕಾದ ಜಾಗ ಅದು. ಡ್ಯಾಶ್‌ಬೋರ್ಡಿನ ಮುಳ್ಳು ಕೆಳಗಿದ್ದರೆ ಗಾಡಿ ಹೀಟ್ ಆಗುತ್ತಿಲ್ಲ, ಒಳ್ಳೇದೇ ಆಯ್ತು ಅಂತ ಡ್ರೈವರ್‌ಗಳು ಅಂದುಕೊಳ್ಳುತ್ತಾರೆ, ಅಲ್ವಾ?

ಇಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರ್‌ಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ಕೂರುವ ಹೌಸಿಂಗ್ ಬಿಚ್ಚಿದರು. ಒಳಗೆ ಏನೂ ಇಲ್ಲ! ಹಳೇ ಪ್ಯಾಕಿಂಗಿನ (ಗ್ಯಾಸ್ಕೆಟ್) ಒಂದು ಚೂರು ಅಂಚಿಗೆ ಅಂಟಿಕೊಂಡಿತ್ತು, ಅಷ್ಟೇ. ನನಗಿಂತ ಮುಂಚೆ ಯಾರ ಕೈಯಲ್ಲೋ ಇದ್ದಾಗ ಗಾಡಿ ಹೀಟ್ ಆಗಿರಬೇಕು, ಆಗ ಥರ್ಮೋಸ್ಟಾಟ್ ಕಿತ್ತು ಬಿಸಾಕಿದ್ದಾರೆ. ನಮ್ಮ ಕಡೆ ಇದು ತುಂಬಾ ಹಳೆಯ ಚಾಳಿ. ಅದು ಇಲ್ಲದಿದ್ದರೆ ನೀರು ಸ್ಟಾರ್ಟ್ ಮಾಡಿದ ಕ್ಷಣದಿಂದಲೇ ರೇಡಿಯೇಟರ್ ಸುತ್ತುತ್ತದೆ, ಇಂಜಿನ್ ಯಾವಾಗಲೂ ತಣ್ಣಗೇ ಇರುತ್ತದೆ. ತಣ್ಣಗಿನ ಇಂಜಿನ್ನಿನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಮಸಿ ಜಾಸ್ತಿ. ಇಜಿಆರ್ ಕೂಲರ್‌ನಲ್ಲಿ ಹರಿಯುವುದೂ ಇದೇ ತಣ್ಣನೆ ನೀರು. ಹೊಗೆಯಲ್ಲಿರುವ ಉರಿಯದ ಡೀಸೆಲ್ ಅಲ್ಲೇ ಹನಿಗಟ್ಟಿ ಮಸಿಯನ್ನು ಅಂಟಾಗಿಸುತ್ತದೆ. ಅದರ ಮೇಲೆ ಇನ್ನಷ್ಟು ಮಸಿ ಕೂರುತ್ತದೆ. ಹೊಸ ವಾಲ್ವ್ ಎಷ್ಟು ಹಾಕಿದ್ದರೂ ಆ ದಾರಿ ಮತ್ತೆ ಮತ್ತೆ ಕಟ್ಟುತ್ತಲೇ ಇರುತ್ತಿತ್ತು.

ಥರ್ಮೋಸ್ಟಾಟ್, ಪ್ಯಾಕಿಂಗ್ ಸೆಟ್ ನಾನೇ ಜೆ.ಸಿ. ರೋಡಿನಿಂದ ತಂದುಕೊಟ್ಟೆ. ಕೂಲರನ್ನು ಕೆಮಿಕಲ್‌ನಲ್ಲಿ ರಾತ್ರಿಯಿಡೀ ನೆನೆಸಿಟ್ಟರು. ಬೆಳಿಗ್ಗೆ ಗಾಳಿ ತುಂಬಿ ನೀರಿನಲ್ಲಿ ಮುಳುಗಿಸಿ, ಗುಳ್ಳೆ ಬರುತ್ತದಾ ಅಂತ ನೋಡಿದರು. ಕೂಲರ್ ಒಳಗೆ ಸೋರಿದರೆ ಕೂಲೆಂಟ್ ಇಂಜಿನ್ ಒಳಗೆ ಹೋಗುತ್ತದೆ, ಅದಕ್ಕೇ ಈ ಪರೀಕ್ಷೆ. ಹಳೇ ಪ್ಯಾಕಿಂಗ್ ಒಂದನ್ನೂ ವಾಪಸ್ ಹಾಕಲಿಲ್ಲ. ಜೋಡಿಸಿದ ಮೇಲೆ ಅದೇ ಮೂರು ಅಂಕಿ ಮತ್ತೆ ತೋರಿಸಿದರು. ವಾಲ್ವ್ ತೆರೆದ ಕೂಡಲೇ ಗಾಳಿ ಸುಮಾರು ಮೂರನೇ ಒಂದು ಭಾಗದಷ್ಟು ಇಳಿಯಿತು. ಲೋಡ್ ಸಮೇತ ದಾಬಸ್‌ಪೇಟೆ ತನಕ ಜೊತೆಯಲ್ಲಿ ಕೂತು ಬಂದರು. ಕೂಲೆಂಟ್ ಎಂಬತ್ತೈದರ ಆಸುಪಾಸು ನಿಂತಿತು. ಮಳೆಗಾಲ ಪೂರ್ತಿ ಓಡಿಸಿದ್ದೇನೆ, ಲೈಟ್ ಮತ್ತೆ ಹತ್ತಿಲ್ಲ.

ಇನ್ನೊಂದು ವಿಷಯ. ತಗಡಿನ ಪ್ಲೇಟ್ ಹಾಕಿ ಇಜಿಆರ್ ಮುಚ್ಚಿಬಿಡಿ, ಸ್ಕ್ಯಾನರ್‌ನಲ್ಲಿ ಕೋಡನ್ನೂ ಆಫ್ ಮಾಡಿಸಿ ಅಂತ ನನಗೆ ಸಲಹೆ ಕೊಟ್ಟವರು ಬೇಕಾದಷ್ಟು ಜನ. ಈ ಗ್ಯಾರೇಜಿನಲ್ಲಿ ಆ ಕೆಲಸ ಮಾಡುವುದಿಲ್ಲ, ಕೇಳಿದವರನ್ನು ವಾಪಸ್ ಕಳಿಸುತ್ತಾರೆ. ನನಗೆ ಅದು ತುಂಬಾ ಇಷ್ಟವಾಯಿತು. ಡೀಸೆಲ್ ಗಾಡಿಯ ಎಮಿಷನ್ ಟೆಸ್ಟ್‌ನಲ್ಲಿ ಅಳೆಯುವುದು ಹೊಗೆಯ ದಟ್ಟಣೆಯನ್ನು ಮಾತ್ರ. ನೈಟ್ರೋಜನ್ ಆಕ್ಸೈಡ್ ಅಲ್ಲಿ ಕಾಣುವುದೇ ಇಲ್ಲ. ಇಜಿಆರ್ ಮುಚ್ಚಿದ ಗಾಡಿಗೂ ಸರ್ಟಿಫಿಕೇಟ್ ಸಿಗುತ್ತದೆ, ಆದರೆ ಆ ಗಾಳಿ ಕುಡಿಯುವುದು ಜಾಲಹಳ್ಳಿ ಕ್ರಾಸ್‌ನಲ್ಲಿ ಬಸ್ಸಿಗೆ ಕಾಯುವ ಮಕ್ಕಳು. ನಾವು ದಿನವಿಡೀ ರೋಡಿನಲ್ಲೇ ಇರುವವರು, ನಮಗೂ ಅದೇ ಗಾಳಿ.

ಖರ್ಚಿನ ಲೆಕ್ಕ: ತೊಂದರೆ ಹುಡುಕಲಿಕ್ಕೇ 1,500 ರೂಪಾಯಿ ಬೇರೆ ತಗೊಳ್ಳುತ್ತಾರೆ, ಕೆಲಸ ಮಾಡಿಸಿದರೂ ಮಾಡಿಸದಿದ್ದರೂ. ಬಿಚ್ಚಿ, ತೊಳೆದು, ಜೋಡಿಸಿದ ಕೂಲಿ 6,500. ಹುಡುಕಲು ದುಡ್ಡು ಯಾಕೆ ಅಂತ ಜಗಳ ಮಾಡುವವರನ್ನು ಅಲ್ಲೇ ನೋಡಿದೆ. ನನ್ನ ಲೆಕ್ಕದಲ್ಲಿ ಅತೀ ನ್ಯಾಯವಾದ ದುಡ್ಡು ಅದು. ಸುಮ್ನೆ ಹಾಕಿಸಿದ ಹೊಸ ವಾಲ್ವಿನ ಬೆಲೆ ಮುಂದೆ ಅದು ಏನೂ ಅಲ್ಲ.

ಕೊರತೆಗಳೂ ಇವೆ. ಜಾಗ ಚಿಕ್ಕದು, ಗಾಡಿ ರೋಡಿನ ಅಂಚಿನಲ್ಲೇ ನಿಲ್ಲಿಸಬೇಕು. ಕೂರಲು ಒಂದು ಬೆಂಚಿದೆ, ಅದರ ಮೇಲೂ ಗೇರ್‌ಬಾಕ್ಸ್ ಇಟ್ಟಿರುತ್ತಾರೆ. ಪಾರ್ಟ್ ಅವರೇ ತರಿಸಿಕೊಡುವುದಿಲ್ಲ, ಒಂದು ಲೋಡ್ ಬಿಟ್ಟು ನಾವೇ ಓಡಾಡಬೇಕು. ಜಿಎಸ್‌ಟಿ ಬಿಲ್ ಬೇಕು ಅಂದರೆ ಸಿಗುವುದಿಲ್ಲ, ಚೀಟಿಯಲ್ಲಿ ಬರೆದುಕೊಡುತ್ತಾರೆ. ಕಂಪನಿ ಗಾಡಿಯವರಿಗೆ ಇದು ತೊಂದರೆ. ಮೇಸ್ತ್ರಿ ಕೆಲಸದಲ್ಲಿದ್ದಾಗ ಫೋನ್ ಎತ್ತುವುದಿಲ್ಲ, ನೇರ ಹೋಗುವುದೇ ವಾಸಿ.

ಬೆಳಿಗ್ಗೆ ಬೇಗ ಹೋಗಿ. ಇಂಜಿನ್ ತಣ್ಣಗಿರುವಾಗಿನಿಂದ ಅಂಕಿ ನೋಡಲು ಅವರಿಗೆ ಅನುಕೂಲ. ಕೋಡನ್ನು ಬೇರೆ ಕಡೆ ಅಳಿಸಿಕೊಂಡು ಹೋಗಬೇಡಿ, ಲೈಟ್ ಹತ್ತಿದ್ದ ಹಾಗೇ ಗಾಡಿ ಬಿಡಿ. ಬಿಎಸ್-6 ಗಾಡಿಯವರು ಮೊದಲು ಕೇಳಿಕೊಂಡು ಹೋಗಿ. ಸ್ಕ್ಯಾನಿಂಗ್ ಮಾಡುತ್ತಾರೆ, ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇಳಿಸಿ ತೊಳೆಯುವ ಏರ್ಪಾಡು ಅಲ್ಲಿಲ್ಲ.