ಸಾಲಿಗ್ರಾಮದ ಕಯಾಕಿಂಗ್: ಹೋಗಬಹುದು, ಟೆಂಟ್ ಮಾತ್ರ ನಿಮ್ಮದೇ ಇರಲಿ

ನಾನು, ಹೆಂಡತಿ, ಇಬ್ಬರು ಗೆಳೆಯರು ಕಳೆದ ಶನಿವಾರ ಉಡುಪಿ ಜಿಲ್ಲೆಯ ಸಾಲಿಗ್ರಾಮದ ಹತ್ತಿರ ಸೀತಾ ನದಿಯ ಹಿನ್ನೀರಿಗೆ ಹೋಗಿದ್ದೆವು. ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಚೆನ್ನಾಗಿವೆ, ಲೈಫ್ ಜಾಕೆಟ್ ಹಾಕದೆ ನೀರಿಗೆ ಬಿಡುವುದೇ ಇಲ್ಲ. ಆದರೆ ಉಬ್ಬರದ ಹೊತ್ತು ಕೇಳಿಕೊಂಡೇ ಹೋಗಿ, ಯಾಕಂದ್ರೆ ನೀರು ತುಂಬಿದಾಗ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವಿನ ಸಣ್ಣ ಸಣ್ಣ ದಾರಿಗಳಿಗೂ ನುಗ್ಗಬಹುದು, ಇಳಿತದಲ್ಲಿ ಕೆಸರಿಗೆ ಸಿಕ್ಕಿಕೊಂಡು ಹುಟ್ಟಿನಿಂದ ತಳ್ಳುತ್ತಾ ಕೂರಬೇಕು. ನಾವು ಕೂತೆವು! ಇಬ್ಬರ ಕಯಾಕ್‌ನಲ್ಲಿ ಗಂಡ ಹೆಂಡತಿ ಒಟ್ಟಿಗೆ ಹುಟ್ಟು ಹಾಕಿದರೆ ಜಗಳ ಗ್ಯಾರಂಟಿ, ಅದು ಬೇರೆ ಮಾತು. ಬಾಡಿಗೆ ಟೆಂಟಿನ ಜಿಪ್ ಕಿತ್ತುಹೋಗಿತ್ತು, ರಾತ್ರಿಯಿಡೀ ಸೊಳ್ಳೆ. ಟೆಂಟ್ ಕೊಟ್ಟವರಿಗೆ ಹೇಳಿದರೆ ಸುಮ್ನೆ ನಕ್ಕರು. ಬೆಳಿಗ್ಗೆ ಗಾಳಕ್ಕೆ ಸಿಗಡಿ ಸಿಕ್ಕಿಸಿ ಎರಡು ಗಂಟೆ ಕಾದರೂ ಸಿಕ್ಕಿದ್ದು ಒಂದೇ ಕಾಣೆ ಮೀನು, ಅದೂ ಹೆಂಡತಿಯ ಗಾಳಕ್ಕೆ.