ಜೋರು ಗಾಳೀಲಿ ಹಾಯಿ ಸಣ್ಣದು ಮಾಡೋಕೆ: ಸ್ಲ್ಯಾಬ್ ರೀಫಿಂಗಾ, ಇನ್-ಮಾಸ್ಟ್ ಫರ್ಲಿಂಗಾ?

ಅಣ್ಣಾ, ಗೋವಾದಿಂದ ಲಕ್ಷದ್ವೀಪಕ್ಕೆ ಹೋಗೋ ಬೋಟಿಗೆ ಯಾವುದು ಅಂತ ಕೇಳಿದ್ರಲ್ಲ. ಗಾಳಿ 20-25 ನಾಟ್ (ಗಂಟೆಗೆ ಸುಮಾರು 37-46 ಕಿ.ಮೀ.) ಬೀಸುವಾಗ ಫರ್ಲಿಂಗ್ ಸುಲಭ, ಕಾಕ್‌ಪಿಟ್‌ನಲ್ಲೇ (ಚುಕ್ಕಾಣಿ ಹಿಡಿಯೋ ಜಾಗ) ಕೂತು ಹಗ್ಗ ಎಳೆದ್ರೆ ಹಾಯಿ ಮಾಸ್ಟ್ ಅಂದ್ರೆ ಹಾಯಿಕಂಬದ ಸೀಳಿನ ಮೂಲಕ ಒಳಗೆ ಸುತ್ಕೊಳ್ಳುತ್ತೆ, ರಾತ್ರಿ ಕಾವಲು ಪಾಳೀಲಿ ಒಬ್ರೇ ಇದ್ರೆ ಎಷ್ಟು ನೆಮ್ಮದಿ ಗೊತ್ತಾ. ಆದ್ರೆ ಹಳೇದಾಗಿ ಜೋತುಬಿದ್ದ ಹಾಯಿ ಮಡಿಕೆ ಬಿದ್ದು ಆ ಸೀಳಲ್ಲೇ ಸಿಕ್ಕಾಕೊಂಡ್ರೆ ಒಳಗೂ ಹೋಗಲ್ಲ ಹೊರಗೂ ಬರಲ್ಲ ಕೆಳಗಿಳಿಸೋಕೂ ಆಗಲ್ಲ, ಮಾಂಡೋವಿ ಅಳಿವೇಲಿ ನನಗೇ ಹೀಗಾಗಿ ಕೈ ನಡುಗಿತ್ತು.

ಸ್ಲ್ಯಾಬ್ ಅಂದ್ರೆ ಹಾಯೀನ ಸ್ವಲ್ಪ ಇಳಿಸಿ ಕೆಳಭಾಗ ಮಡಿಸಿ ಬಿಗಿಯೋದು, ಅದಕ್ಕೆ ಸಾಮಾನ್ಯವಾಗಿ ಮಾಸ್ಟ್ ಹತ್ರ ಹೋಗಿ, ಹ್ಯಾಲ್ಯರ್ಡ್ (ಹಾಯಿ ಏರಿಸೋ ಹಗ್ಗ) ಸಡಿಲಿಸಿ, ಹಾಯಿ ಮುಂದಿನ ಅಂಚಿನ ಬಳೇನ ಮಾಸ್ಟ್ ಹತ್ರದ ಕೊಕ್ಕೆಗೆ ಸಿಕ್ಕಿಸಿ ರೀಫ್ ಲೈನ್ (ಹಾಯಿ ಹಿಂದಿನ ಅಂಚು ಕೆಳಗೆಳೆಯೋ ಹಗ್ಗ) ಬಿಗೀಬೇಕು, ಹಾರ್ನೆಸ್ (ಬೋಟಿಗೆ ಸಿಕ್ಕಿಸ್ಕೊಳ್ಳೋ ಸುರಕ್ಷತಾ ಪಟ್ಟಿ) ಇಲ್ದೆ ಬೇಡವೇ ಬೇಡ. ಖರ್ಚು ಕಮ್ಮಿ, ಹಾಯಿ ಆಕಾರಾನೂ ಚೆನ್ನಾಗಿರುತ್ತೆ, ಎದುರುಗಾಳಿಗೆ ಇದೇ ವಾಸಿ.

ಗಂಡ ಹೆಂಡ್ತಿ ಇಬ್ರೇ ಹೋಗೋದಾದ್ರೆ ಹೊಸ ಹಾಯಿ ಹಾಕ್ಸಿ ಫರ್ಲಿಂಗ್ ತಗೊಳ್ಳಿ, ಮೂರ್ನಾಲ್ಕು ಜನ ಕೈಗೆ ಸಿಗ್ತಾರೆ ಅಂದ್ರೆ ಸ್ಲ್ಯಾಬ್.